ನಾಲ್ವರು ಸೇರಿ ಒಂದು ಸಾಹಸ ಬರೆಯುವ ಕ್ರಮ: ಟೇಬಲ್‌ಟಾಪ್ ಆರ್‌ಪಿಜಿ ಆಡುವವರಿಗೆ

ಟೇಬಲ್‌ಟಾಪ್ ಆರ್‌ಪಿಜಿ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸುತ್ತಾ, ಡೈಸ್ ಉರುಳಿಸಿ ಆಡುವ ಆಟ. ಹಾಗೆ ಆಡಲು ಬರೆದಿಟ್ಟ ಒಂದು ಸನ್ನಿವೇಶವೇ ಸಾಹಸ. ಅಚ್ಚಾದ ಸಾಹಸಗಳನ್ನು ಒಂದಷ್ಟು ಕಾಲ ಆಡಿದ ಗುಂಪಿಗೆ ನಮ್ಮದೇ ಒಂದನ್ನು ಬರೆಯೋಣ ಅನ್ನಿಸುವುದು ಸಹಜ. ವಿಷಯಕ್ಕೆ ಬರ ಇರುವುದಿಲ್ಲ. ಒಬ್ಬರಿಗೆ ಪಾಳುಕೋಟೆ ಬೇಕು, ಇನ್ನೊಬ್ಬರಿಗೆ ಕಡಲ್ಗಳ್ಳರು, ಮತ್ತೊಬ್ಬರ ಬಳಿ ನಕ್ಷೆ ಆಗಲೇ ತಯಾರು. ಪಾಲು ಹಂಚಿಕೊಂಡು ಬರೆದು ತಿಂಗಳ ಬಳಿಕ ಒಟ್ಟಿಗಿಟ್ಟರೆ ಮಾತ್ರ ಒಂದಕ್ಕೊಂದು ಕೂಡುವುದಿಲ್ಲ. ಒಬ್ಬರ ಭಾಗದಲ್ಲಿ ಸತ್ತ ವ್ಯಾಪಾರಿ ಇನ್ನೊಬ್ಬರ ಭಾಗದಲ್ಲಿ ಊಟಕ್ಕೆ ಕರೆಯುತ್ತಾನೆ. ದ್ವೀಪಕ್ಕೆ ದೋಣಿ ಬೇಕೆಂದು ಒಬ್ಬರು ಬರೆದಿದ್ದರೆ, ಇನ್ನೊಬ್ಬರ ಪಾತ್ರಗಳು ಅಲ್ಲಿಗೆ ನಡೆದೇ ಹೋಗಿರುತ್ತವೆ. ಪ್ರತಿ ಭಾಗ ಬಿಡಿಯಾಗಿ ಚೆನ್ನಾಗಿದ್ದರೂ ಕೊಂಡಿಗಳಲ್ಲಿ ಎಲ್ಲವೂ ಕಳಚಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಕೆಲಸ ಹಿಂದುಮುಂದಾಗಿದೆ: ಭಾಗಗಳು ಸೇರುವ ಜಾಗಗಳನ್ನು ಎಲ್ಲರೂ ಒಟ್ಟಿಗೆ ಮೊದಲು ಬರೆಯಬೇಕು, ಭಾಗಗಳನ್ನು ಆಮೇಲೆ.

ಲೆಕ್ಕಕ್ಕಾಗಿ ಈ ಬಗೆಯ ಆಟಗಳಲ್ಲೊಂದಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯನ್ನೇ ಇಟ್ಟುಕೊಂಡಿದ್ದೇವೆ. ಗುರಿ: ಮೂರನೇ ಲೆವೆಲ್‌ನ (ಲೆವೆಲ್ ಅಂದರೆ ಪಾತ್ರದ ಬಲದ ಹಂತ) ನಾಲ್ಕು ಪಾತ್ರಗಳು ಒಂದೇ ಕೂತಿನಲ್ಲಿ, ಸುಮಾರು ನಾಲ್ಕು ಗಂಟೆಯಲ್ಲಿ ಆಡಿ ಮುಗಿಸುವ ಸಾಹಸ. ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದಕ್ಕೆ ಕೈ ಹಾಕಬೇಡಿ.

ಯಾರು ಏನು ಮಾಡಬೇಕು

ಬರೆಯುವವರು ಮೂವರಿದ್ದರೆ ಸಾಕು, ನಾಲ್ವರಿದ್ದರೆ ಒಳ್ಳೆಯದು, ಆರಾದರೆ ಕಷ್ಟ. ಅವರಲ್ಲಿ ಒಬ್ಬರು ಮೂಲಪ್ರತಿ ಹಿಡಿಯಬೇಕು. ಗೂಗಲ್ ಡಾಕ್ಸ್‌ನಲ್ಲಿ ಒಂದೇ ಕಡತ, ತಿದ್ದುವ ಅಧಿಕಾರ ಅವರೊಬ್ಬರಿಗೆ, ಉಳಿದವರಿಗೆ ಸಲಹೆ ಬರೆಯುವ ಅಧಿಕಾರ ಮಾತ್ರ. ಎಲ್ಲರೂ ತಿದ್ದುವ ಕಡತದಲ್ಲಿ ನಿನ್ನೆ ಒಪ್ಪಿದ ಮಾತು ಇವತ್ತು ಇರುವುದಿಲ್ಲ, ಯಾರು ತೆಗೆದರೆಂದೂ ತಿಳಿಯುವುದಿಲ್ಲ. ಇನ್ನೊಬ್ಬರು ಅಂಕಿ ನೋಡಿಕೊಳ್ಳಬೇಕು: ಕಾಳಗದ ಲೆಕ್ಕ, ಡಿಸಿ (ಯತ್ನ ಗೆಲ್ಲಲು ಡೈಸ್‌ನಲ್ಲಿ ಮುಟ್ಟಬೇಕಾದ ಅಂಕಿ), ಕೈಗೆ ಸಿಗುವ ಹಣ, ಮಾಯಾವಸ್ತು. ಇವರಲ್ಲದೆ ಒಂದಕ್ಷರವೂ ಬರೆಯದ ಒಬ್ಬರು ಬೇಕು. ಪರೀಕ್ಷೆಯ ದಿನ ಗೇಮ್ ಮಾಸ್ಟರ್ ಆಗಿ ಆಟ ನಡೆಸುವವರು ಅವರು. ಅವರನ್ನು ಚರ್ಚೆಗೆ ಕರೆಯಬೇಡಿ, ಕಡತವನ್ನೂ ತೋರಿಸಬೇಡಿ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಅರ್ಧ ಜನ ಮಂಗಳೂರಿನಲ್ಲಿ, ಅರ್ಧ ಜನ ಉಡುಪಿ-ಮಣಿಪಾಲದಲ್ಲಿ ಇದ್ದರೆ ಪ್ರತಿ ವಾರ ಸೇರುವುದು ಆಗದ ಮಾತು. ಎದುರುಬದುರು ಕೂರಲೇಬೇಕಾದ ಬೈಠಕ್‌ಗಳು ಮೂರೇ: ಮೊದಲನೆಯದು, ಕೊಂಡಿ ಬರೆಯುವುದು, ಆಡಿ ನೋಡುವುದು. ಉಳಿದ ಕೆಲಸ ಮನೆಯಿಂದಲೇ ಆಗುತ್ತದೆ.

ಮೊದಲ ಬೈಠಕ್

ಎರಡೂವರೆ ಗಂಟೆ ಸಾಕು. ಯಾವ ನಿಯಮಾವಳಿ, ಯಾವ ಲೆವೆಲ್, ಎಷ್ಟು ಹೊತ್ತಿನ ಆಟ, ಎಂಥ ರಸ ಎಂಬುದನ್ನು ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನಿಸಿ ಬರೆದುಕೊಳ್ಳಿ. ನಿಯಮಾವಳಿಯಲ್ಲಿ 2014ರದ್ದೋ 2024ರದ್ದೋ ಎಂಬುದನ್ನೂ ಸ್ಪಷ್ಟಪಡಿಸಿ. ಎರಡರಲ್ಲಿ ಕಾಳಗದ ಲೆಕ್ಕ ಬೇರೆ ಬೇರೆ. ಒಬ್ಬರು ಹಳೆಯದರಲ್ಲಿ, ಒಬ್ಬರು ಹೊಸದರಲ್ಲಿ ಬರೆದರೆ ಅಂಕಿ ನೋಡುವವರ ಗತಿ ಕೇಳುವುದೇ ಬೇಡ.

ಆಮೇಲೆ ಏನೇನು ಬೇಡ ಎಂಬುದರ ಪಟ್ಟಿ. ಮಕ್ಕಳ ಮೇಲಿನ ಹಿಂಸೆ, ಹಾವು, ನೀರಲ್ಲಿ ಮುಳುಗಿ ಸಾಯುವುದು, ಹೀಗೆ ಯಾರಿಗೆ ಯಾವುದು ಬೇಡವೋ ಅದು. ಕಾರಣ ಕೇಳಬಾರದು, ಚರ್ಚೆ ಕೂಡದು. ನಾವು ಮುಂದೆ ಕಟ್ಟುವ ಉದಾಹರಣೆ ಕಡಲ ಕಥೆಯಾದ್ದರಿಂದ ಮುಳುಗುವ ವಿಷಯವನ್ನು ಖಂಡಿತ ಕೇಳಿ ತಿಳಿದುಕೊಳ್ಳಿ.

ನಮ್ಮ ಊರಿನವರು ಈ ಪಟ್ಟಿಗೆ ಇನ್ನೊಂದನ್ನು ಸೇರಿಸಲೇಬೇಕು. ತುಳುನಾಡಿನ ಹಿನ್ನೆಲೆ ಅಂದಕೂಡಲೇ ಹೊಸಬರ ಕೈ ಮೊದಲು ಹೋಗುವುದು ದೈವಗಳ ಕಡೆಗೆ: ಪಂಜುರ್ಲಿಗೆ ಎಷ್ಟು ಹಿಟ್ ಪಾಯಿಂಟ್ (ಜೀವಬಲದ ಅಂಕಿ), ಗುಳಿಗನ ಹಾನಿ ಎಷ್ಟು ಡೈಸ್? ದಯವಿಟ್ಟು ಈ ದಾರಿ ಹಿಡಿಯಬೇಡಿ. ದೈವ ಇಲ್ಲಿ ಪುರಾಣದ ಪಳೆಯುಳಿಕೆ ಅಲ್ಲ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರ ಮನೆಯಲ್ಲಾದರೂ ವರ್ಷಕ್ಕೊಮ್ಮೆ ಕೋಲವೋ ತಂಬಿಲವೋ ನಡೆಯುತ್ತಿರುತ್ತದೆ, ಅವರು ಅಲ್ಲಿ ಕೈಮುಗಿದು ನಿಂತವರು. ನಾಗಬನಕ್ಕೂ ಇದೇ ಮಾತು. ನೆಲ, ನೀರು, ಮಳೆ, ಕಸುಬು, ಮಾತಿನ ವರಸೆ ಇವನ್ನು ಎಷ್ಟು ಬೇಕಾದರೂ ತೆಗೆದುಕೊಳ್ಳಿ. ಜನ ಪೂಜಿಸುವುದಕ್ಕೆ ಅಂಕಿ ಹಚ್ಚುವುದು ಬೇಡ. ಹಾಗೆಯೇ ಖಳನಿಗೆ ನಿಜವಾದ ಯಾವ ಸಮುದಾಯದ ಉಪನಾಮವನ್ನೂ ಇಡಬೇಡಿ. ‘ಧಣಿ’ ಅಂದರೆ ಸಾಕು.

ಕಥೆ ಬೇಡ, ಸನ್ನಿವೇಶ ಬೇಕು

ಉಳಿದ ಸಮಯವೆಲ್ಲ ಇದಕ್ಕೆ. ಯಾರಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಏನಾಗುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಸನ್ನಿವೇಶ ಸಿಕ್ಕಿದ ಹಾಗೆ. ಆಟಗಾರರು ಏನು ಮಾಡುತ್ತಾರೆ ಎಂಬುದನ್ನು ಬರೆಯಬೇಡಿ. ಅದು ನಿಮ್ಮ ಕೈಯಲ್ಲಿಲ್ಲ.

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಸಂಗದ ಪದ್ಯ ನಿಶ್ಚಿತ, ಅರ್ಥ, ಅಂದರೆ ಪಾತ್ರದ ಮಾತು, ಆ ಕ್ಷಣದ್ದು. ಅರ್ಥಧಾರಿ ಹೇಳಬೇಕಾದ್ದನ್ನು ಯಾರೂ ಬರೆದುಕೊಡುವುದಿಲ್ಲ, ಪಾತ್ರದ ನಿಲುವು ಏನೆಂಬುದನ್ನು ತಿಳಿದು ಬಂದಿರುತ್ತಾರೆ. ಸಾಹಸ ಬರೆಯುವವರು ಗೇಮ್ ಮಾಸ್ಟರ್‌ಗೆ ಕೊಡಬೇಕಾದದ್ದು ಆ ನಿಲುವನ್ನು, ಸಂಭಾಷಣೆಯನ್ನಲ್ಲ. ವ್ಯತ್ಯಾಸ ಒಂದೇ: ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಕೊನೆಯೂ ಆಟಗಾರರದ್ದೇ.

ಒಂದು ಉದಾಹರಣೆ ಕಟ್ಟೋಣ. ಊರು ಅಳಿವೆಕಟ್ಟೆ, ಕಲ್ಪನೆಯದ್ದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆಯಲ್ಲ, ಅದರಂತೆ ಆ ಊರಲ್ಲೂ ಮಳೆಗಾಲದ ಎರಡು ತಿಂಗಳು ಕಡಲು ಮುಚ್ಚಿರುತ್ತದೆ. ನಿಷೇಧದ ಕೊನೆಯ ಮೂರು ದಿನ ಉಳಿದಿವೆ. ಊರಲ್ಲಿ ಅಕ್ಕಿ ಖಾಲಿ. ಕಡಲು ತೆರೆದೊಡನೆ ಮೊದಲ ಅಕ್ಕಿ ಹಡಗು ಬರಬೇಕು. ಈ ಹೊತ್ತಲ್ಲಿ ದಡದಾಚೆಯ ಕಂಬಗಲ್ಲು ದ್ವೀಪದಲ್ಲಿ ರಾತ್ರಿ ದೀಪ ಕಾಣುತ್ತಿದೆ. ಯಾರೂ ಇರಬಾರದ ಜಾಗ ಅದು.

ಬಂದಸಾಲೆಯ, ಅಂದರೆ ಗೋದಾಮಿನ, ಧಣಿ ಅಕ್ಕಿ ಕೂಡಿಟ್ಟಿದ್ದಾನೆ. ಹಡಗು ಮುಳುಗಿದರೆ ಬೆಲೆ ಏರುತ್ತದೆ. ದ್ವೀಪದ ಗುಹೆಯಲ್ಲಿರುವ ಕಡಲ ಮಾಟಗಾತಿಗೆ ಮುಳುಗಿದವರು ಬೇಕು. ಒಪ್ಪಂದವಾಗಿದೆ: ಮೂರನೇ ರಾತ್ರಿ ಊರಿನ ದೀಪಸ್ತಂಭ ಆರಬೇಕು, ದ್ವೀಪದ ದೀಪ ಉರಿಯಬೇಕು, ಹಡಗು ಬಂಡೆಗೆ ಬಡಿಯಬೇಕು. ಯಾರೂ ತಡೆಯದಿದ್ದರೆ ಮೊದಲ ದಿನ ದೀಪದೆಣ್ಣೆಯ ಪೀಪಾಯಿಗಳು ಬಂದಸಾಲೆಯಿಂದ ಸಾಗುತ್ತವೆ, ಎರಡನೇ ದಿನ ದೀಪಸ್ತಂಭದ ಕಾವಲಿನವನ ಊಟಕ್ಕೆ ಮದ್ದು ಬೀಳುತ್ತದೆ, ಮೂರನೇ ರಾತ್ರಿ ಹಡಗು ಒಡೆಯುತ್ತದೆ.

ದ್ವೀಪದ ನೋಟ ಮಲ್ಪೆಯಾಚೆಯ ಸೈಂಟ್ ಮೇರೀಸ್ ದ್ವೀಪದಿಂದ ಬಂದದ್ದು. ಲಾವಾ ತಣ್ಣಗಾಗಿ ಬಿರಿದು ಎದ್ದ ಬಹುಭುಜದ ಕಲ್ಲುಕಂಬಗಳನ್ನು ಒಮ್ಮೆ ಕಣ್ಣಾರೆ ನೋಡಿ ಬಂದರೆ, ಕಂಬದಿಂದ ಕಂಬಕ್ಕೆ ಹಾರುತ್ತಾ ಕಾಳಗ ನಡೆಯುವುದು ಹೇಗೆಂದು ಬರೆಯಲು ಬೇರೇನೂ ಬೇಕಾಗುವುದಿಲ್ಲ. ದೀಪಸ್ತಂಭಕ್ಕೆ ಬಂಡೆಯ ಮೇಲೆ ನಿಂತಿರುವ ಕಾಪುವಿನದ್ದು ಇದ್ದೇ ಇದೆ.

ಕೊಂಡಿ ಚೀಟಿಗಳು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು, ಹೆಚ್ಚಿನ ಗುಂಪುಗಳು ಬಿಟ್ಟುಬಿಡುವುದೂ ಇದನ್ನೇ.

ಮೊದಲು ಜಾಗಗಳು. ನಾಲ್ಕು ಗಂಟೆಯ ಆಟಕ್ಕೆ ಐದೋ ಆರೋ ಸಾಕು. ನಮ್ಮ ಉದಾಹರಣೆಯಲ್ಲಿ ದಕ್ಕೆ (ದೋಣಿ ನಿಲ್ಲುವ ಕಟ್ಟೆ), ಬಂದಸಾಲೆ, ದೀಪಸ್ತಂಭ, ಮರಳ ದಿಬ್ಬ, ದ್ವೀಪ, ಗುಹೆ. ದೊಡ್ಡ ಹಾಳೆಯಲ್ಲಿ ಆರು ವೃತ್ತ ಬರೆದು, ಎಲ್ಲಿಂದ ಎಲ್ಲಿಗೆ ಹೋಗಬಹುದೋ ಅಲ್ಲಿ ಗೆರೆ ಎಳೆಯಿರಿ. ಎಂಟು ಗೆರೆ ಆಗಬಹುದು. ಒಂದೊಂದು ಗೆರೆಗೂ ಒಂದೊಂದು ಚೀಟಿ. ಎರಡೂ ತುದಿಯ ಜಾಗಗಳನ್ನು ಬರೆಯಲಿರುವ ಇಬ್ಬರು ಅಕ್ಕಪಕ್ಕ ಕೂತು ಅದನ್ನು ತುಂಬಬೇಕು.

ಬಂದಸಾಲೆಯಿಂದ ದ್ವೀಪಕ್ಕೆ ಹೋಗುವ ಚೀಟಿ ಹೀಗಿರುತ್ತದೆ:

ದಾರಿ: ಇಳಿತದ ಹೊತ್ತು ಮರಳ ದಿಬ್ಬದ ಮೇಲೆ ನಡೆದು.
ಇಲ್ಲಿಂದ ಹೊರಡುವವರಿಗೆ ಗೊತ್ತಿರುವುದು: ಎಣ್ಣೆಯ ಪೀಪಾಯಿಗಳು ದ್ವೀಪಕ್ಕೆ ಹೋಗಿವೆ.
ಗೊತ್ತಿಲ್ಲದಿರಬಹುದಾದದ್ದು: ದ್ವೀಪದಲ್ಲಿ ದೀಪ ಹಚ್ಚುವವರು ಯಾರು.
ಕೈಯಲ್ಲಿರಬಹುದಾದದ್ದು: ಧಣಿಯ ಮುದ್ರೆಯ ಗೋಣಿಚೀಲ, ಗೋದಾಮಿನ ಕೀಲಿಕೈ.
ಧಣಿ ಸತ್ತಿದ್ದರೆ: ಮಾಟಗಾತಿಗೆ ಸುದ್ದಿ ತಲುಪಿಲ್ಲ, ಅವಳು ಅವನಿಗಾಗಿ ಕಾಯುತ್ತಿರುತ್ತಾಳೆ.
ಮೊದಲು ದ್ವೀಪಕ್ಕೆ ಹೋಗಿ ಆಮೇಲೆ ಬಂದಸಾಲೆಗೆ ಬಂದರೆ: ಕಾವಲಿಗೆ ಇಬ್ಬರ ಬದಲು ನಾಲ್ವರು.

ಕೊನೆಯ ಎರಡು ಸಾಲುಗಳೇ ಮುಖ್ಯ. ಬರೆಯುವವರ ತಲೆಯಲ್ಲಿ ಒಂದು ಅನುಕ್ರಮ ಇದ್ದೇ ಇರುತ್ತದೆ, ಆಟಗಾರರು ಅದನ್ನು ಮೊದಲ ಗಂಟೆಯಲ್ಲೇ ಮುರಿಯುತ್ತಾರೆ. ಯಾರು ಸತ್ತಿರಬಹುದು, ಯಾವ ಜಾಗಕ್ಕೆ ಉಲ್ಟಾ ದಾರಿಯಲ್ಲಿ ಬರಬಹುದು ಎಂಬುದನ್ನು ಇಲ್ಲೇ ಬರೆದಿಟ್ಟರೆ ಮುಂದೆ ಭಾಗಗಳು ತಾವಾಗಿ ಕೂಡುತ್ತವೆ.

ಕಾಲದ ಕೊಂಡಿಯನ್ನು ಎಲ್ಲರೂ ಸೇರಿ ಮಾಡಿ. ಕಡಲತೀರದ ಸಾಹಸದಲ್ಲಿ ಉಬ್ಬರ-ಇಳಿತಕ್ಕಿಂತ ಒಳ್ಳೆಯ ಗಡಿಯಾರವಿಲ್ಲ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊದಲ ದಿನದ ಇಳಿತ ಸಂಜೆ 4ಕ್ಕೆ ಎಂದಿಟ್ಟುಕೊಳ್ಳಿ. ಎರಡನೇ ದಿನ 4.50, ಮೂರನೇ ದಿನ 5.40. ದಿಬ್ಬ ಇಳಿತದ ಹಿಂದೆ ಒಂದೂವರೆ, ಮುಂದೆ ಒಂದೂವರೆ ಗಂಟೆ ತೆರೆದಿರುತ್ತದೆ ಎಂದು ಒಪ್ಪಿಕೊಂಡರೆ, ಮೂರನೇ ದಿನ ಸಂಜೆ 4.10ರಿಂದ 7.10. ಅದಾದ ಮೇಲೆ ದ್ವೀಪದಲ್ಲಿ ಉಳಿದವರಿಗೆ ಬೆಳಗಿನ ಜಾವ 4.35ರವರೆಗೆ ವಾಪಸು ದಾರಿ ಇಲ್ಲ. ಯಾರೂ ಬರೆದು ಕೂರಿಸದೆ ಎಷ್ಟು ಒಳ್ಳೆಯ ಉದ್ವೇಗ ಹುಟ್ಟಿತು ನೋಡಿ. ಈ ಪಟ್ಟಿಯನ್ನು ಎಲ್ಲರ ಕೈಗೂ ಕೊಡಿ. ಇಲ್ಲದಿದ್ದರೆ ಒಬ್ಬರು ಮಧ್ಯಾಹ್ನ ಪಾತ್ರಗಳನ್ನು ದಿಬ್ಬದ ಮೇಲೆ ನಡೆಸುತ್ತಾರೆ, ಇನ್ನೊಬ್ಬರು ಅದೇ ಹೊತ್ತಿಗೆ ಅಲ್ಲಿ ದೋಣಿ ತೇಲಿಸುತ್ತಾರೆ.

ಮಾತಿನ ಕೊಂಡಿಯೂ ಒಂದಿದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಾಪತ್ರಯ ಇಲ್ಲ. ಯಾರು ಯಾರನ್ನು ‘ನೀನು’ ಅನ್ನುತ್ತಾರೆ, ಯಾರನ್ನು ‘ನೀವು’ ಅನ್ನುತ್ತಾರೆ, ‘ಅಕ್ಕ’ನೋ ‘ಅಮ್ಮ’ನೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ದಕ್ಕೆಯಲ್ಲಿ ಧಣಿಯನ್ನು ‘ಧಣಿಗಳೇ’ ಎಂದು ಕರೆದ ಕಾವಲಿನವನು ದೀಪಸ್ತಂಭದಲ್ಲಿ ‘ನೀನು’ ಅಂದರೆ ಆಟಗಾರರು ಅದನ್ನೊಂದು ಸುಳಿವೆಂದು ಹಿಡಿದು ಅರ್ಧ ಗಂಟೆ ಅದರ ಹಿಂದೆ ಓಡುತ್ತಾರೆ.

ಸುಳಿವುಗಳು

ಆಟಗಾರರು ಕಂಡುಕೊಳ್ಳಲೇಬೇಕಾದ ಸಂಗತಿಗಳು ಇಲ್ಲಿ ಮೂರು: ದ್ವೀಪದ ದೀಪ ಹಡಗನ್ನು ದಾರಿ ತಪ್ಪಿಸಲಿಕ್ಕೆ, ಧಣಿ ಅಕ್ಕಿ ಕೂಡಿಟ್ಟಿದ್ದಾನೆ, ಅನಾಹುತ ಮೂರನೇ ರಾತ್ರಿ. ಪ್ರತಿಯೊಂದಕ್ಕೂ ಕನಿಷ್ಠ ಮೂರು ಸುಳಿವು ಇಡಿ. ಒಂದನ್ನು ಆಟಗಾರರು ನೋಡುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಕೈಹಿಡಿಯುತ್ತದೆ. ಒಂದು ಸಂಗತಿಯ ಮೂರೂ ಸುಳಿವು ಒಬ್ಬರೇ ಬರೆಯುವ ಜಾಗದಲ್ಲಿ ಇರಬಾರದು. ಆಟಗಾರರು ಆ ಜಾಗಕ್ಕೆ ಹೋಗದೆಯೇ ಇರಬಹುದು.

ಬೇಕೇಬೇಕಾದ ಸುಳಿವನ್ನು ಡೈಸ್‌ಗೆ ಕಟ್ಟಿಹಾಕಬೇಡಿ. ಡಿಸಿ 15, ಪಾತ್ರದ ಬೋನಸ್ 3 ಎಂದರೆ ಡಿ20ಯಲ್ಲಿ, ಅಂದರೆ ಇಪ್ಪತ್ತು ಮುಖದ ಡೈಸ್‌ನಲ್ಲಿ, 12 ಅಥವಾ ಮೇಲೆ ಬೀಳಬೇಕು. ಸಾಧ್ಯತೆ 45% ಮಾತ್ರ. ನಾಲ್ವರೂ ಅದೇ ಬೋನಸ್‌ನಲ್ಲಿ ಉರುಳಿಸಿದರೂ ಯಾರಿಗೂ ಸಿಗದಿರುವ ಸಾಧ್ಯತೆ ಸುಮಾರು 9% ಉಳಿಯುತ್ತದೆ. ಪೀಪಾಯಿ ಕಾಣುವುದಕ್ಕೆ ಡೈಸ್ ಬೇಡ. ಅದರ ತಳದಲ್ಲಿ ಅಂಟಿದ ಮರಳು ನಿನ್ನೆಯದು, ಅಂದರೆ ಯಾರೋ ದಿಬ್ಬ ದಾಟಿ ಬಂದಿದ್ದಾರೆ ಎಂದು ತಿಳಿಯುವುದಕ್ಕೆ ಡೈಸ್ ಇರಲಿ.

ಕಾಳಗದ ಲೆಕ್ಕ

2014ರ ನಿಯಮದಲ್ಲಿ ಮೂರನೇ ಲೆವೆಲ್‌ನ ಒಂದು ಪಾತ್ರಕ್ಕೆ ಸುಲಭ, ಮಧ್ಯಮ, ಕಠಿಣ, ಮಾರಕ ಕಾಳಗಗಳು ಶುರುವಾಗುವ ಮಿತಿ 75, 150, 225, 400 ಎಕ್ಸ್‌ಪಿ (ಎದುರಾಳಿಯನ್ನು ಸೋಲಿಸಿದರೆ ಸಿಗುವ ಅನುಭವದ ಅಂಕ). ನಾಲ್ವರಿಗೆ 300, 600, 900, 1600. ಎದುರಾಳಿ ಒಬ್ಬನೇ ಇದ್ದರೆ ಅವನ ಎಕ್ಸ್‌ಪಿ ಹಾಗೇ, ಇಬ್ಬರಾದರೆ ಮೊತ್ತದ ಒಂದೂವರೆ ಪಟ್ಟು, ಮೂರರಿಂದ ಆರಾದರೆ ಎರಡು ಪಟ್ಟು.

ಒಟ್ಟಿಗೆ ಬರೆಯುವಾಗ ಎಡವುವುದು ಇಲ್ಲಿ. ಗುಹೆ ಬರೆಯುವವರು ಒಬ್ಬ ಮಾಟಗಾತಿಯನ್ನು, ಅಂದರೆ ‘ಸೀ ಹ್ಯಾಗ್’ ಅನ್ನು ಇಟ್ಟರು: 450. ನಾಲ್ವರಿಗೆ ಇದು ಸುಲಭದ ಸಾಲಿನಲ್ಲೇ ಬರುತ್ತದೆ. ದ್ವೀಪ ಬರೆಯುವವರು ಕಾವಲಿಗೆ ಒಂದು ‘ಮೆರೋ’ ಎಂಬ ಕಡಲ ರಾಕ್ಷಸನನ್ನು ಇಟ್ಟರು: 450. ದಿಬ್ಬ ಬರೆಯುವವರು ತಮ್ಮದೊಂದು ಮೆರೋ ಇಟ್ಟರು. ಬಿಡಿಬಿಡಿಯಾಗಿ ಎಲ್ಲವೂ ಸರಿ. ಆದರೆ ಆಟಗಾರರು ಗದ್ದಲ ಮಾಡುತ್ತಾ ದಿಬ್ಬದಿಂದ ಗುಹೆಯವರೆಗೆ ಓಡಿದರೆ ಮೂರೂ ಒಂದೇ ಕಡೆ ಸೇರುತ್ತವೆ: 1350, ಎರಡು ಪಟ್ಟು, 2700. ಮಾರಕದ ಮಿತಿ ದಾಟಿ ಬಹಳ ಮುಂದೆ. ಆದ್ದರಿಂದ ಅಂಕಿ ನೋಡುವವರು ಪ್ರತಿ ಜಾಗವನ್ನು ಬಿಡಿಯಾಗಿ ಲೆಕ್ಕ ಹಾಕಿದರೆ ಸಾಲದು, ಗೆರೆಯಿಂದ ಕೂಡಿದ ಪಕ್ಕದ ಜಾಗವನ್ನೂ ಸೇರಿಸಿ ಒಮ್ಮೆ ಹಾಕಬೇಕು. ಇಲ್ಲಿ ಪರಿಹಾರ ಸರಳ: ದಿಬ್ಬದ ಮೆರೋ ತೆಗೆದು ಎರಡು ದೈತ್ಯ ಏಡಿ ಇಡಿ, ತಲಾ 25. ದಿಬ್ಬ ಬಿಟ್ಟು ಅವು ಬರುವುದಿಲ್ಲ ಎಂದೂ ಬರೆಯಿರಿ.

ಎಕ್ಸ್‌ಪಿ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೂ ಈ ಮಾಟಗಾತಿಯೇ ಸಾಕ್ಷಿ. ಅವಳ ರೂಪ ಕಂಡು ಹೆದರಿದವರು ಅವಳ ಮಾರಕ ದೃಷ್ಟಿಗೆ ಸಿಕ್ಕಿ ಸೇವಿಂಗ್ ಥ್ರೋ (ಅಪಾಯದಿಂದ ಪಾರಾಗಲು ಉರುಳಿಸುವ ಡೈಸ್) ತಪ್ಪಿದರೆ ನೇರವಾಗಿ ಸೊನ್ನೆ ಹಿಟ್ ಪಾಯಿಂಟ್. ಹೆದರಿಕೆ, ದೃಷ್ಟಿ ಎರಡಕ್ಕೂ ಉರುಳಿಸಬೇಕಾದದ್ದು ವಿಸ್ಡಮ್ ಎಂಬ ಗುಣದ ಮೇಲೆ, ಡಿಸಿ 11. ವಿಸ್ಡಮ್ ಬೋನಸ್ ಸೊನ್ನೆ ಇರುವ ಪಾತ್ರ ಎರಡರಲ್ಲೂ ತಪ್ಪುವ ಸಾಧ್ಯತೆ 25%. ಪೂರ್ತಿ ಆರೋಗ್ಯದಲ್ಲಿದ್ದ ಪಾತ್ರ ಒಂದು ಏಟೂ ತಿನ್ನದೆ ಬಿದ್ದುಬಿಡುತ್ತದೆ. ಹಾಗಾಗಿ ಊರಲ್ಲೇ ಎಚ್ಚರಿಕೆ ಸಿಗಬೇಕು. ದಕ್ಕೆಯಲ್ಲಿ ಬಲೆ ಹೆಣೆಯುವ ಅಜ್ಜಿ ‘ಅವಳ ಮುಖ ನೋಡ್ಬೇಡಿ ಮಾರಾಯ್ರೆ, ನೋಡಿದವರು ಎದ್ದು ಬಂದದ್ದಿಲ್ಲ’ ಅಂದರೆ ಸಾಕು. ಕಣ್ಣು ತಪ್ಪಿಸಿ ಹೋರಾಡುವ ಉಪಾಯವನ್ನು ಆಟಗಾರರು ತಾವೇ ಹುಡುಕುತ್ತಾರೆ.

ಈಗ ಬರೆಯಿರಿ

ಒಬ್ಬೊಬ್ಬರಿಗೆ ಒಂದೋ ಎರಡೋ ಜಾಗ, ಎರಡು ವಾರ. ಒಂದು ಜಾಗಕ್ಕೆ ಎ4 ಹಾಳೆಯಲ್ಲಿ ಒಂದೂವರೆ ಪುಟ ಮೀರಬಾರದು. ಮೊದಲಿಗೆ ಗಟ್ಟಿಯಾಗಿ ಓದುವ ನಾಲ್ಕು ಸಾಲು:

‘ಬಾಗಿಲು ತೆರೆದೊಡನೆ ಹಳೇ ಅಕ್ಕಿಯ ಮುಗ್ಗಲು ವಾಸನೆ. ಗೋಣಿಚೀಲಗಳು ಜಂತಿಯವರೆಗೆ ಏರಿವೆ. ಮೂಲೆಯಲ್ಲಿ ಮೂರು ಪೀಪಾಯಿ, ಒಂದರ ಸುತ್ತ ನೆಲ ಒದ್ದೆ. ಒಳಗೆಲ್ಲೋ ಯಾರೋ ಕೆಮ್ಮುತ್ತಿದ್ದಾರೆ.’

ಚೀಲ, ಪೀಪಾಯಿ, ಕೆಮ್ಮು: ಆಟಗಾರರು ಹಿಡಿಯಬಹುದಾದ ಮೂರು ಎಳೆ. ಕೆಳಗೆ ಆ ಮೂರಕ್ಕೂ ಏನಾಗುತ್ತದೆಂದು ಬರೆದಿರಬೇಕು. ‘ನಿಮಗೆ ಭಯವಾಗುತ್ತದೆ’, ‘ನೀವು ಒಳಗೆ ನುಗ್ಗುತ್ತೀರಿ’ ಎಂದು ಬರೆಯಬೇಡಿ. ಭಯಪಡುವುದೂ ನುಗ್ಗುವುದೂ ಆಟಗಾರರ ಕೆಲಸ. ಆರು ಸಾಲು ದಾಟಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಪ್ರತಿ ಮುಖ್ಯ ಪಾತ್ರಕ್ಕೂ ಮೂರು ಸಾಲು: ಏನು ಬೇಕು, ಯಾವುದಕ್ಕೆ ಹೆದರಿಕೆ, ಹೇಗೆ ಮಾತಾಡುತ್ತಾರೆ. ಪೂರ್ವಕಥೆ ಬೇಡ.

ಆಡಿ ನೋಡುವುದು

ಇನ್ನೂ ಒಂದಕ್ಷರ ಓದಿರದ ಆ ಗೇಮ್ ಮಾಸ್ಟರ್‌ಗೆ ಆಟದ ಎರಡು ದಿನ ಮೊದಲು ಪ್ರತಿ ಕೊಡಿ. ಬರೆದವರು ಮೂಲೆಯಲ್ಲಿ ಕೂರಬೇಕು, ಬಾಯಿ ಬಿಡಬಾರದು. ನಿಮ್ಮ ತಲೆಯಲ್ಲಿದ್ದು ಕಾಗದಕ್ಕೆ ಬಾರದ್ದು ಯಾವುದು ಎಂಬುದು ಹೊರಬೀಳುವ ದಾರಿ ಇದೊಂದೇ. ಬರೆದವರೇ ಆಟ ನಡೆಸಿದರೆ ಬಿಟ್ಟುಹೋದ ಕೊಂಡಿಯನ್ನು ಗೊತ್ತಿಲ್ಲದೆಯೇ ಬಾಯಿಮಾತಲ್ಲಿ ತುಂಬಿಬಿಡುತ್ತಾರೆ, ಆಟ ಚೆನ್ನಾಗಿಯೂ ಆಗುತ್ತದೆ, ದೋಷ ಹಾಗೇ ಉಳಿಯುತ್ತದೆ.

ಮೂರು ಸಂಗತಿ ಮಾತ್ರ ಗುರುತು ಮಾಡಿ: ಪ್ರತಿ ದೃಶ್ಯ ಶುರುವಾದ ಗಂಟೆ, ಗೇಮ್ ಮಾಸ್ಟರ್ ಪುಟ ತಿರುವಿ ಹುಡುಕಿದ ಜಾಗಗಳು, ಆಟಗಾರರು ‘ಈಗೆಂತ ಮಾಡುದು?’ ಎಂದು ಸುಮ್ಮನಾದ ಕ್ಷಣಗಳು. ನಾಲ್ವರ ಒಂದು ಕಾಳಗಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಎರಡು ಕಾಳಗಕ್ಕೆ ಒಂದೂವರೆ ಗಂಟೆ ಹೋಯಿತು. ಮೂರನೆಯದಿದ್ದರೆ ಮೊದಲು ಅದನ್ನೇ ತೆಗೆಯಿರಿ. ಪುಟ ತಿರುವಿದ ಕಡೆಯಲ್ಲೆಲ್ಲ ಕೊಂಡಿ ಚೀಟಿಯ ಒಂದು ಸಾಲು ಆ ಪುಟಕ್ಕೇ ಬರಬೇಕು. ಸುಮ್ಮನಾದ ಕಡೆ ಸುಳಿವು ಕಡಿಮೆ ಬಿದ್ದಿದೆ. ಆಟಗಾರರು ಹೊಗಳಿದ್ದನ್ನು ಬರೆದುಕೊಳ್ಳುವ ಅಗತ್ಯ ಇಲ್ಲ.

ತಿದ್ದಿದ ಮೇಲೆ ಬೇರೆ ಆಟಗಾರರ ಜೊತೆ ಇನ್ನೊಮ್ಮೆ ಆಡಿಸಿ. ಅದೇ ಜನರನ್ನು ಕರೆದರೆ ಪ್ರಯೋಜನವಿಲ್ಲ.

ಹಂಚುವ ಉದ್ದೇಶವಿದ್ದರೆ ಎದುರಾಳಿಗಳ ಅಂಕಿಗಳನ್ನೆಲ್ಲ ಕೊನೆಯ ಪುಟಗಳಲ್ಲಿ ಒಟ್ಟಿಗೆ ಇಡಿ, ನಕ್ಷೆಯನ್ನು ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿದರೂ ಕಾಣುವಂತೆ ಬರೆಯಿರಿ. ಸೀ ಹ್ಯಾಗ್, ಮೆರೋ, ದೈತ್ಯ ಏಡಿ ಮೂರೂ ಎಸ್‌ಆರ್‌ಡಿ 5.1ರಲ್ಲಿ, ಅಂದರೆ ಬೇರೆಯವರೂ ಬಳಸಲೆಂದು ಬಿಟ್ಟಿರುವ ಈ ಆಟದ ನಿಯಮಗಳ ಕಡತದಲ್ಲಿ, ಇವೆ. ಅದನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ-ಬಿವೈ 4.0 ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ, ಅಲ್ಲಿ ಕೊಟ್ಟಿರುವ ಕೃತಜ್ಞತೆಯ ಒಕ್ಕಣೆಯನ್ನು ನಿಮ್ಮ ಕಡತದಲ್ಲಿ ಹಾಕಿದರೆ ಮಾರಾಟಕ್ಕೂ ಅಡ್ಡಿಯಿಲ್ಲ. ಅದರಲ್ಲಿ ಇಲ್ಲದ ಪ್ರಾಣಿಯನ್ನು ಬಳಸಿದ್ದೀರೋ ಎಂದು ಅಂಕಿ ನೋಡುವವರು ಒಂದೊಂದಾಗಿ ಹೋಲಿಸಿ ನೋಡಲಿ. ಬರೆದವರ ಹೆಸರುಗಳನ್ನು ಯಾವ ಕ್ರಮದಲ್ಲಿ ಹಾಕಬೇಕು, ದುಡ್ಡು ಬಂದರೆ ಹೇಗೆ ಹಂಚಬೇಕು ಎಂಬುದನ್ನು ಹಂಚುವ ಮೊದಲೇ ಬರೆದು ಎಲ್ಲರೂ ಸಹಿ ಹಾಕಿ.